ಟ್ರಕ್ಕಿಗೊಂದು ಹೆಬ್ಬೆಟ್ಟು

ಈ ಬರಹವನ್ನು ಟೈಪ್ ಮಾಡುತ್ತಿರುವ ನನ್ನ ಹತ್ತೂ ಬೆರಳುಗಳ ಉಗುರಿನ ಸುತ್ತ ಕಪ್ಪು ಅಂಚು ಕಟ್ಟಿದೆ. ಅದು ಮಸಿಯಲ್ಲ, ಗ್ರೀಸಲ್ಲ. ಮೊನ್ನೆ ಶನಿವಾರ ನನ್ನ ಪಿಕಪ್ ಟ್ರಕ್ಕಿನ ಬೆಡ್ಡಿಗೆ, ಅಂದರೆ ಹಿಂದೆ ಸಾಮಾನು ತುಂಬುವ ತೊಟ್ಟಿಗೆ, ನಾನೇ ಕೈಯಾರೆ ಬಳಿದ ಲೈನರ್ ಎಂಬ ರಕ್ಷಣಾ ಲೇಪದ ಉಳಿಕೆ. ಒಮ್ಮೆ ಗಟ್ಟಿಯಾದರೆ ಇದು ಚರ್ಮವನ್ನು ಬಿಡುವುದಿಲ್ಲ, ಚರ್ಮವೇ ಸವೆದು ಉದುರುವವರೆಗೆ ಕಾಯಬೇಕು ಎಂಬ ಎಚ್ಚರಿಕೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು. ಕೈ ಕಪ್ಪಾದ ಮೇಲೆ ಅದನ್ನು ಓದಿದೆ.

ಓಹಾಯೋದಲ್ಲಿರುವ ಕನ್ನಡಿಗನಿಗೆ ಪಿಕಪ್ ಏಕೆ ಎಂದು ಕೇಳುವವರಿದ್ದಾರೆ. ಹಿತ್ತಲಲ್ಲಿ ಅವರೆ, ಬದನೆ, ಹೀರೆ ಹಾಕಿಕೊಂಡವನಿಗೆ ಗೊಬ್ಬರ ತರಲು ಬೇಕು ಎಂಬುದು ನಾನು ಹೆಂಡತಿಗೆ ಕೊಟ್ಟ ಕಾರಣ. ಕೊಂಡ ಮೇಲೆ ತಿಳಿದದ್ದೇನೆಂದರೆ, ಗಣೇಶನ ಮಂಟಪ, ಮಡಿಸುವ ಕುರ್ಚಿ, ಬಿಸಿಬೇಳೆಬಾತಿನ ದೊಡ್ಡ ಪಾತ್ರೆ, ಮನೆ ಬದಲಿಸುವವರ ಸೋಫಾ, ಎಲ್ಲವೂ ಈ ಒಂದೇ ವಾಹನಕ್ಕಾಗಿ ಕಾದು ಕುಳಿತಿದ್ದವು. ನನ್ನದು 2011ರ ಫೋರ್ಡ್ ಎಫ್-150. ಕಂಪನಿಯವರು ಇದರ ಮೈಯನ್ನು ಅಲ್ಯೂಮಿನಿಯಮ್ಮಿಗೆ ಬದಲಿಸಿದ್ದು 2015ರ ಮಾದರಿಯಿಂದ. ನನ್ನದು ಅದಕ್ಕಿಂತ ಹಿಂದಿನದಾದ್ದರಿಂದ ಅಪ್ಪಟ ಉಕ್ಕು. ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಕ್ಕಿಗೂ ಉಪ್ಪಿಗೂ ಅಷ್ಟಕ್ಕಷ್ಟೇ. ಗೀರು ಬಿದ್ದಲ್ಲೆಲ್ಲ ಕಾವಿ ಬಣ್ಣ ಮೂಡಿತ್ತು.

ಪರಿಹಾರ ಮೂರು ಬಗೆಯದು. ಒಂದು, ಅಚ್ಚು ಹಾಕಿದ ಪ್ಲಾಸ್ಟಿಕ್ ತೊಟ್ಟಿಯನ್ನು ತಂದು ಬೆಡ್ಡಿನೊಳಗೆ ಕೂರಿಸುವುದು. ಅದರ ಅಡಿಯಲ್ಲಿ ನೀರು ನಿಂತು, ಓಡಾಟದ ಅದುರಿಗೆ ಪ್ಲಾಸ್ಟಿಕ್ಕು ಬಣ್ಣವನ್ನು ಉಜ್ಜಿ, ನಾವು ಯಾವ ತುಕ್ಕಿಗೆ ಹೆದರಿದ್ದೆವೋ ಅದೇ ತುಕ್ಕು ಯಾರ ಕಣ್ಣಿಗೂ ಬೀಳದಂತೆ ಬೆಳೆಯುತ್ತದೆ. ಎರಡು, ಅಂಗಡಿಯವರು ಬಿಸಿ ಮಾಡಿ ಸಿಂಪಡಿಸುವ ಲೇಪ. ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ, ಚೆನ್ನಾಗಿಯೂ ಇರುತ್ತದೆ, ನನಗೆ ಹೇಳಿದ ಬೆಲೆ 600 ಡಾಲರ್. ಮೂರು, ಡಬ್ಬಿ ತಂದು ರೋಲರಿನಲ್ಲಿ ನಾವೇ ಬಳಿದುಕೊಳ್ಳುವುದು, 130 ಡಾಲರ್. ಈ ಮೂರರ ನಡುವೆ ನಾನು ಮೂರು ವಾರ ತೂಗಾಡಿದೆ. ಕಡೆಗೆ ನಿರ್ಧಾರ ಮಾಡಿದವರು ಅಪ್ಪ. ಮೇ ತಿಂಗಳಲ್ಲಿ ಬಂದಿಳಿದಾಗಿನಿಂದ ಪ್ರತಿ ಡಾಲರನ್ನೂ ರೂಪಾಯಿ ಮಾಡಿ ನೋಡುತ್ತಿರುವ ಅವರು, "ಗೊಬ್ಬರ ಹೊರೋ ಗಾಡಿಗೆ ಅರ್ಧ ಲಕ್ಷದ ಬಣ್ಣವೇನೋ?" ಎಂದರು. ಡಬ್ಬಿ ಬಂತು. ಅದರ ಹಿಂದೆಯೇ ಸ್ಯಾಂಡ್ ಪೇಪರ್, ಮಾಸ್ಕಿಂಗ್ ಟೇಪ್, ಬಣ್ಣ ಕರಗಿಸುವ ಜೈಲೀನ್, ತುಕ್ಕಿಗೆ ಹಚ್ಚುವ ದ್ರವ, ಹೆಚ್ಚುವರಿ ರೋಲರು ಬಂದು ಲೆಕ್ಕ 240 ಡಾಲರ್ ಮುಟ್ಟಿದ್ದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.

ಬಳಿಯುವುದು ಎರಡು ಗಂಟೆಯ ಕೆಲಸವಾದರೆ ಅದಕ್ಕೆ ಮುಂಚಿನ ತಯಾರಿ ಎರಡು ದಿನದ್ದು. ಜಿಡ್ಡು ಹೋಗುವಂತೆ ತೊಳೆಯಬೇಕು. ನೀರು ಹೋಗುವ ತೂತುಗಳ ಬಿರಡೆ ತೆಗೆಯಬೇಕು. ಹೊಳಪು ಪೂರ್ತಿ ಸಾಯುವವರೆಗೆ ಇಡೀ ಬೆಡ್ಡನ್ನು ಉಜ್ಜಬೇಕು, ಏಕೆಂದರೆ ನುಣುಪು ಬಣ್ಣದ ಮೇಲೆ ಬಳಿದ ಲೈನರು ಒಂದು ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ತಳ ಸಪಾಟಾಗಿದ್ದರೆ ಹೇಗೋ ಉಜ್ಜಬಹುದಿತ್ತು. ಉದ್ದಕ್ಕೂ ಏಣು, ಏಣಿನ ನಡುವೆ ಕಾಲುವೆ, ಕಾಲುವೆಯ ತುದಿಯಲ್ಲಿ ಬೆರಳು ಮಾತ್ರ ತೂರುವ ಸಂದಿ. ಮೊಣಕಾಲೂರಿ ಉಜ್ಜುತ್ತಿದ್ದ ನನ್ನನ್ನು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಅಪ್ಪ, ಕಾಪಿ ತಿದ್ದುವ ಗಾಂಭೀರ್ಯದಲ್ಲಿ, "ಎಡಗಡೆ ಮೂಲೆ ಬಿಟ್ಟೆ" ಎಂದು ಎಚ್ಚರಿಸುತ್ತಿದ್ದರು. ನಿಜಕ್ಕೂ ಬಿಟ್ಟಿರುತ್ತಿದ್ದೆ ಎಂಬುದೇ ಸಿಟ್ಟಿನ ಕಾರಣ.

ಡಬ್ಬಿಯೊಳಗಿನ ವಸ್ತು ಪಾಲಿಯುರಥೇನ್, ಅದರೊಳಗೆ ರಬ್ಬರಿನ ತರಿ. ತರಿಯೆಲ್ಲ ತಳದಲ್ಲಿ ಕೂತಿರುತ್ತದೆ. ರಾಗಿ ಮುದ್ದೆ ತೊಳಸುವಂತೆ ಕೋಲು ಹಾಕಿ ತೊಳಸಬೇಕು. ಮೊದಲು ಮೂಲೆ ಮತ್ತು ಸಂದಿಗಳಿಗೆ ಬ್ರಷ್ಷು, ಆಮೇಲೆ ಕ್ಯಾಬಿನ ಕಡೆಯಿಂದ ಹಿಂಬಾಗಿಲಿನ ಕಡೆಗೆ ರೋಲರು. ಮೊದಲ ಕೋಟು ಚೆನ್ನಾಗಿಯೇ ಬಂತು. ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, "ನಾಲ್ಕು ಗಂಟೆ ಯಾರೂ ಮುಟ್ಟಬಾರದು" ಎಂದು ಮನೆಯವರಿಗೆಲ್ಲ ಹೇಳಿ, ನಾನು ಸ್ನಾನಕ್ಕೆ ಹೋದೆ. ತಪ್ಪು ಅಲ್ಲಿಯೇ ಆಯಿತು. ಮುಟ್ಟಬಾರದು ಎಂದು ಹೇಳಬಾರದಿತ್ತು.

ಒದ್ದೆ ಬಣ್ಣವನ್ನು ಮುಟ್ಟಿ ನೋಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅಪ್ಪನದು ಆ ಚಪಲವಲ್ಲ, ಅಧಿಕಾರ. ನಮ್ಮ ಮನೆಯಲ್ಲಿ ದೀಪಾವಳಿಯ ಕಜ್ಜಾಯಕ್ಕೆ ಬೆಲ್ಲ ಕರಗಿಸುತ್ತಿದ್ದವಳು ಅಮ್ಮ, ಪಾಕದ ಹದ ಹೇಳುತ್ತಿದ್ದವರು ಅಪ್ಪ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಹನಿ ಹಿಡಿದು, ಮೆಲ್ಲಗೆ ಎಳೆದು, ಕನ್ನಡಕದ ಕೆಳಗಿನಿಂದ ನೋಡಿ ಅವರು ತೀರ್ಪು ಕೊಡುವವರೆಗೆ ಪಾತ್ರೆ ಒಲೆಯಿಂದ ಇಳಿಯುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಕಜ್ಜಾಯ ಅಂಗಡಿಯಿಂದ ಬರುತ್ತಿದೆ. ಬೆರಳುಗಳಿಗೆ ಕೆಲಸ ತಪ್ಪಿದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಗ್ಯಾರೇಜಿನಲ್ಲಿ ಬೆರಳೆರಡನ್ನೂ ಬೆಳಕಿಗೆ ಹಿಡಿದು ನಿಂತಿದ್ದರು.

"ಇನ್ನೂ ಒಂದೆಳೆ ಪಾಕ" ಎಂದರು.

ಕೂಗಾಡಿದೆ. ಜೈಲೀನ್ ಬಟ್ಟೆ ಹಿಡಿದು ಹೋದರೆ ಕೈ ಹಿಂದೆಳೆದುಕೊಂಡರು. ತಿಪಟೂರಿನಿಂದ ಹೊತ್ತು ತಂದ ಕೊಬ್ಬರಿ ಎಣ್ಣೆ ಇರುವಾಗ ಆ ಘಾಟು ಏಕೆ ಎಂಬುದು ಅವರ ವಾದ. ಎಣ್ಣೆ ಹಚ್ಚಿದ ಮೇಲೆ ಬೆರಳು ಮೊದಲಿನಷ್ಟೇ ಕಪ್ಪಾಗಿ, ಆದರೆ ಮೊದಲಿಗಿಂತ ಹೆಚ್ಚು ಹೊಳೆಯತೊಡಗಿತು. ಒಂದು ಗಂಟೆಯ ನಂತರ ಎರಡೆಳೆ ಪಾಕವಾಗಿರುವ ವರದಿ ಬಂತು. ಆ ವರದಿಗೆ ಎಡಗೈ ಬಳಕೆಯಾಗಿತ್ತು, ಏಕೆಂದರೆ ಬಲಗೈಯ ಬೆರಳಿನ ಸ್ಪರ್ಶಜ್ಞಾನ ಆಗಲೇ ಹೋಗಿತ್ತು. ಸಂಜೆ ಎರಡನೆಯ ಕೋಟು ಹಾಕಿ, ಅಪ್ಪ ಮುಟ್ಟಿದ್ದ ಜಾಗಗಳನ್ನೆಲ್ಲ ಮುಚ್ಚಿ, ಗ್ಯಾರೇಜಿನ ಒಳಬಾಗಿಲಿಗೆ ಚಿಲಕ ಹಾಕಿ ಮಲಗಿದೆ. ಹೊರಬಾಗಿಲನ್ನು, ಗಾಳಿ ಆಡಲೆಂದು, ಒಂದಡಿ ತೆರೆದಿಟ್ಟಿದ್ದೆ.

ಎಪ್ಪತ್ತಾರು ವರ್ಷದ, ಮಂಡಿನೋವಿನ ಮನುಷ್ಯ ಒಂದಡಿ ಸಂದಿಯಲ್ಲಿ ತೂರಲಾರರು ಎಂದುಕೊಂಡಿದ್ದು ಸರಿಯೇ ಆಗಿತ್ತು. ಅವರು ಬೆಳಗಿನ ಐದೂವರೆಗೆ ನನ್ನ ಹನ್ನೊಂದು ವರ್ಷದ ಮಗಳನ್ನು ಎಬ್ಬಿಸಿ, ಬಾಗಿಲಿನ ಗುಪ್ತಸಂಖ್ಯೆ ಕೇಳಿಕೊಂಡಿದ್ದರು.

ಹಿಂಬಾಗಿಲಿನ ಅಂಚಿನಿಂದ ಒಂದು ಗೇಣು ಒಳಗೆ ಈಗ ಒಂದು ಹೆಬ್ಬೆಟ್ಟಿನ ಗುರುತಿದೆ. ತರಿತರಿಯಾದ ಕಪ್ಪಿನ ನಡುವೆ ಹುಣಸೆಬೀಜದಷ್ಟು ನಯವಾದ ಹಳ್ಳ. ಟಾರ್ಚ್ ಓರೆಯಾಗಿ ಹಿಡಿದರೆ ಬೆರಳಿನ ಗೆರೆಗಳೂ ಕಾಣುತ್ತವೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಇದೇ ಮನುಷ್ಯ, ಲಾಟೀನು ಹಿಡಿದು ರಾತ್ರಿ ಶಾಲೆಗೆ ಹೋಗಿ, ಇನ್ನು ಮುಂದೆ ನಮ್ಮೂರಿನಲ್ಲಿ ಯಾರೂ ಹೆಬ್ಬೆಟ್ಟು ಒತ್ತಬಾರದು ಎಂದು ರೈತರ ಕೈ ಹಿಡಿದು ರುಜು ತಿದ್ದಿಸಿದವರು. ಆ ಹೆಡ್‌ಮೇಷ್ಟರು ನನ್ನ ಟ್ರಕ್ಕಿಗೆ ಹೆಬ್ಬೆಟ್ಟು ಒತ್ತಿದ್ದಾರೆ. ಅದನ್ನು ಹೇಳಿದೆ. ಸ್ವಲ್ಪ ಏರಿದ ದನಿಯಲ್ಲಿಯೇ ಹೇಳಿದೆ.

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ನಮ್ಮ ಜಗುಲಿಯ ರೆಡ್ ಆಕ್ಸೈಡ್ ನೆಲ ಹಸಿ ಇದ್ದಾಗ ನಡೆದುಬಿಟ್ಟೆಯಲ್ಲ ನೀನು, ಎರಡು ವರ್ಷದವನು. ಹೆಜ್ಜೆ ಇನ್ನೂ ಹಾಗೇ ಇದೆ. ಗಾರೆಯವನು ತಿದ್ದುತ್ತೇನೆ ಅಂದ. ಬೇಡ ಅಂದೆ."

ಆ ಹೆಜ್ಜೆ ನನಗೆ ಗೊತ್ತು. ಅಮ್ಮ ಒರೆಸುವಾಗ ಅದರಲ್ಲಿ ನೀರು ನಿಲ್ಲುತ್ತಿತ್ತು, ಬಟ್ಟೆಯ ತುದಿಯನ್ನು ತಿರುಚಿ ಅದನ್ನು ಬೇರೆಯಾಗಿ ಒತ್ತಿ ತೆಗೆಯುತ್ತಿದ್ದಳು. ಏನು ಹೇಳಬೇಕೆಂದು ತಿಳಿಯದೆ ನಾನು ಮಾಸ್ಕಿಂಗ್ ಟೇಪ್ ಬಿಚ್ಚಲು ಹೋದೆ. ಟೇಪನ್ನು ಲೈನರು ಹಸಿಯಿರುವಾಗಲೇ ಬಿಚ್ಚಬೇಕಿತ್ತಂತೆ. ಬೆಳಗಿನ ಹೊತ್ತಿಗೆ ಅದು ಲೈನರಿನ ಭಾಗವೇ ಆಗಿಹೋಗಿತ್ತು. ಎಳೆದರೆ ನೀಲಿ ಟೇಪಿನ ಜೊತೆ ಕಪ್ಪು ಅಂಚೂ ಚೂರುಚೂರಾಗಿ ಎದ್ದು ಬಂತು. ಬ್ಲೇಡು ಹಿಡಿದು ಗೀರಿ ಗೀರಿ ಬಿಡಿಸುವಾಗ ಬಂಪರಿನ ಕಡೆಯ ಬಣ್ಣಕ್ಕೆ ಎರಡು ಹೊಸ ಗೀರು ಬಿದ್ದಿವೆ. ಅಲ್ಲಿ ಇನ್ನು ತುಕ್ಕು ಬರುತ್ತದೆ. ತಿದ್ದಲೆಂದು ಉಳಿದ ಲೈನರಿನ ಡಬ್ಬಿ ತೆರೆದರೆ, ಗಾಳಿಯ ತೇವವನ್ನೇ ಕುಡಿದು ಗಟ್ಟಿಯಾಗುವ ಅದು, ಕೋಲಿನ ಸಮೇತ ಕಲ್ಲಾಗಿ ಕುಳಿತಿತ್ತು.

ಇವತ್ತಿಗೆ ಐದನೆಯ ದಿನ. ಭಾರ ಹೇರುವುದಕ್ಕೆ ಮುನ್ನ ಪೂರ್ತಿ ಒಂದು ವಾರ ಬಿಡುವುದೆಂದು ತೀರ್ಮಾನಿಸಿದ್ದೇನೆ. ಗಣೇಶನ ಹಬ್ಬದ ಕುರ್ಚಿ ತರಲು ಗಾಡಿ ಬೇಕೆಂದು ಕನ್ನಡ ಸಂಘದವರು ಎರಡು ಬಾರಿ ಫೋನು ಮಾಡಿದರು. ಇನ್ನೂ ಒಣಗಿಲ್ಲ ಎಂದು ಹೇಳಿದ್ದೇನೆ. ಆ ಮಾತನ್ನು ಪಕ್ಕದ ಕೋಣೆಯಲ್ಲಿದ್ದ ಅಪ್ಪ ಕೇಳಿಸಿಕೊಂಡಿರಬೇಕು. ಕೆಳಗೆ ಗ್ಯಾರೇಜಿನ ಬಾಗಿಲು ಮೇಲೇಳುವ ಸದ್ದು ಕೇಳಿಸುತ್ತಿದೆ.