ನಾಡಭಾಷೆಗೆ ಕಾನೂನಿನ ಕಾವಲು ಬೇಕೆ?

ಇಂಗ್ಲಿಷ್ ಎಲ್ಲೆಡೆ ಹಬ್ಬುತ್ತಿರುವಾಗ ನಾಡಿನ ಭಾಷೆಯನ್ನು ಕಾನೂನಿನ ಬಲದಿಂದ ಉಳಿಸಿಕೊಳ್ಳುವುದು ಸರಿಯೆ? ಬೇಕು ಎನ್ನುವವರು ನಿವೃತ್ತ ಬ್ಯಾಂಕ್ ನೌಕರರೊಬ್ಬರು. ಬೇಡ ಎನ್ನುವವರು ಸರ್ಕಾರಿ ಕನ್ನಡ ಶಾಲೆಯೊಂದರ ಮುಖ್ಯ ಶಿಕ್ಷಕಿ.

ಪರ: ಕೆರೆಗೊಬ್ಬ ನೀರಗಂಟಿ ಬೇಕು

ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಕೆನಡಾದ ಮಾಂಟ್ರಿಯಲ್‌ನಲ್ಲಿ ಐದು ತಿಂಗಳು ಇದ್ದೆವು. ಎಣ್ಣೆ-ನೀರು, ಪಥ್ಯ, ಮಗುವಿನ ಲಾಲನೆ ಎಲ್ಲ ಅವಳ ಪಾಲಿಗೆ. ಬೀದಿ ಸುತ್ತುವುದು ನನ್ನ ಪಾಲಿಗೆ. ಮನೆಯ ತಿರುವಿನಲ್ಲಿ ಎಂಟು ಮೂಲೆಯ ಕೆಂಪು ಫಲಕವೊಂದಿತ್ತು. ಅದರ ಮೇಲೆ ಫ್ರೆಂಚ್‌ನಲ್ಲಿ 'ಆರೆ' ಎಂದು ಬರೆದಿತ್ತು, ನಿಲ್ಲಿ ಎಂದರ್ಥ. ಫ್ರೆಂಚರ ಮೂಲ ನೆಲವಾದ ಫ್ರಾನ್ಸಿನಲ್ಲೇ ಆ ಫಲಕದ ಮೇಲೆ 'ಸ್ಟಾಪ್' ಎಂದಿರುತ್ತದೆಯಂತೆ! ಎರಡು ಬೀದಿ ದಾಟಿದರೆ ಕರಿದ ಕೋಳಿ ಮಾರುವ ಕೆ.ಎಫ್.ಸಿ. ಅಂಗಡಿ. ಅಲ್ಲಿ ಅದರ ಹೆಸರು ಪಿ.ಎಫ್.ಕೆ., ಅಂದರೆ 'ಪುಲೆ ಫ್ರಿ ಕೆಂಟಕಿ', ಅದೇ ಇಂಗ್ಲಿಷ್ ಹೆಸರಿನ ಫ್ರೆಂಚ್ ರೂಪ. ನಾವು ಸಸ್ಯಾಹಾರಿಗಳಾದ್ದರಿಂದ ಒಳಗೆ ಕಾಲಿಡಲಿಲ್ಲ, ಆದರೆ ಫಲಕದ ಫೋಟೋ ಮಾತ್ರ ಇಂದಿಗೂ ನನ್ನ ಮೊಬೈಲ್‌ನಲ್ಲಿದೆ. ಜಗತ್ತಿನ ಅಷ್ಟು ದೊಡ್ಡ ಕಂಪನಿಯೂ ಒಂದು ಪ್ರಾಂತ್ಯದ ಭಾಷೆಗೆ ತಲೆಬಾಗಿ ಹೆಸರನ್ನೇ ತಿರುಗಿಸಿಕೊಂಡದ್ದು ನನಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ಆಮೇಲೆ ಅಳಿಯನ ಪುಸ್ತಕಗಳಲ್ಲಿ ಹುಡುಕಿ ಓದಿದೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಹತ್ತರಲ್ಲಿ ಎಂಟು ಮಂದಿ ಫ್ರೆಂಚ್ ಮಾತನಾಡುವವರು. ಆದರೂ 1960ರ ದಶಕದಲ್ಲಿ ಕೇಂದ್ರ ಸರ್ಕಾರದ ಆಯೋಗವೊಂದು ಲೆಕ್ಕ ಹಾಕಿದಾಗ, ಅದೇ ಪ್ರಾಂತ್ಯದ ಜನಾಂಗಗಳ ಆದಾಯದ ಪಟ್ಟಿಯಲ್ಲಿ ಫ್ರೆಂಚರು ಬಹುತೇಕ ತಳದಲ್ಲಿದ್ದರು. ಕಾರ್ಖಾನೆಯ ಯಂತ್ರದ ಮುಂದೆ ಫ್ರೆಂಚ್, ಮೇಲಿನ ಮಹಡಿಯ ಮೇಜಿನ ಹಿಂದೆ ಇಂಗ್ಲಿಷ್. ಇಟಲಿ, ಗ್ರೀಸ್‌ಗಳಿಂದ ಬಂದು ನೆಲೆಸಿದವರು ಇದನ್ನು ಬಂದ ವಾರದಲ್ಲೇ ಅರ್ಥ ಮಾಡಿಕೊಂಡು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸುತ್ತಿದ್ದರು. ಅವರದು ತಪ್ಪೆನ್ನಲಾರೆ. ಅನ್ನ ಎಲ್ಲಿದೆಯೋ ಮಕ್ಕಳನ್ನು ಅಲ್ಲಿಗೆ ಕಳಿಸುವುದು ತಂದೆತಾಯಿಗಳ ಸ್ವಭಾವ.

1977ರಲ್ಲಿ ರೆನೆ ಲೆವೆಕ್ ಅವರ ಪ್ರಾಂತ್ಯ ಸರ್ಕಾರ 101ನೇ ಮಸೂದೆಯನ್ನು ಕಾನೂನಾಗಿಸಿತು. ವಲಸೆ ಬಂದವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಒಳಗಿನ ಕೆಲಸ ಫ್ರೆಂಚ್‌ನಲ್ಲೇ ನಡೆಯಬೇಕು. ಅಂಗಡಿಯ ಫಲಕ ಫ್ರೆಂಚ್‌ನಲ್ಲಿ ಮಾತ್ರ ಇರಬೇಕು. ಗಲಾಟೆ ಆಯಿತು, ಮೊಕದ್ದಮೆಗಳಾದವು, ಫಲಕದ ನಿಯಮ 1993ರಲ್ಲಿ ಸಡಿಲಗೊಂಡಿತು: ಬೇರೆ ಭಾಷೆಯೂ ಇರಲಿ, ಫ್ರೆಂಚ್ ಎದ್ದು ಕಾಣಲಿ ಎಂದು. ಇವತ್ತು ವಲಸಿಗರ ಮಕ್ಕಳಲ್ಲಿ ಬಹುಪಾಲು ಫ್ರೆಂಚ್ ಶಾಲೆಯಲ್ಲೇ ಓದುತ್ತಾರೆ. ಅವರಿಗೆ '101ರ ಮಕ್ಕಳು' ಎಂದೇ ಅಲ್ಲಿ ಹೆಸರು. ಮಗಳ ಮನೆಯ ಕೆಳಗೆ ವಿಯೆಟ್ನಾಮಿನವರ ದಿನಸಿ ಅಂಗಡಿ ಇತ್ತು. ಅಂಗಡಿಯವನ ಹುಡುಗ ತಾಯಿಯೊಂದಿಗೆ ಅವರ ಭಾಷೆ, ಗೆಳೆಯರೊಂದಿಗೆ ಫ್ರೆಂಚ್, ನನ್ನೊಂದಿಗೆ ಇಂಗ್ಲಿಷ್ ಆಡುತ್ತಿದ್ದ. ಮೂರರಲ್ಲಿ ಯಾವುದೂ ಅವನ ನಾಲಗೆಗೆ ಭಾರವಾದಂತೆ ಕಾಣಲಿಲ್ಲ.

ಭಾಷೆ ಅವರವರ ಇಷ್ಟ, ಸರ್ಕಾರಕ್ಕೇನು ಕೆಲಸ ಎನ್ನುವವರಿಗೆ ನಾನು ಹೇಳುವುದು ನಮ್ಮ ಹಳೆಯ ಕೆರೆಗಳ ಕಥೆ. ಕೆರೆಯ ಕೆಳಗಿನ ಒಬ್ಬೊಬ್ಬ ರೈತನೂ ತನ್ನ ಗದ್ದೆಗೆ ಒಂದಿಷ್ಟು ಹೆಚ್ಚು ನೀರು ಹರಿಸಿಕೊಂಡರೆ ಅವನ ಮಟ್ಟಿಗೆ ಅದು ಬುದ್ಧಿವಂತಿಕೆಯೇ. ಎಲ್ಲರೂ ಹಾಗೆಯೇ ಮಾಡಿದರೆ ಮಾಗಿ ಮುಗಿಯುವ ಮೊದಲೇ ಕೆರೆ ಒಣಗುತ್ತದೆ. ಅದಕ್ಕೇ ಊರು ನೀರಗಂಟಿಯನ್ನು ಇಟ್ಟುಕೊಳ್ಳುತ್ತಿತ್ತು. ತೂಬು ಎತ್ತುವವನೂ ಇಳಿಸುವವನೂ ಅವನೇ. ಅವನಿಗೆ ಯಾರ ಮೇಲೂ ಹಗೆಯಿರಲಿಲ್ಲ, ಕೆರೆಯ ಮೇಲೆ ಕಣ್ಣಿತ್ತು ಅಷ್ಟೇ.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಇಷ್ಟು ಜನರ ಭಾಷೆಗೆ ಸಾವಿಲ್ಲ ಎಂದು ಗೆಳೆಯರು ನಗುತ್ತಾರೆ. ಸಾವಿನ ಮಾತನ್ನು ನಾನೂ ಆಡುತ್ತಿಲ್ಲ. ಒಂದು ಭಾಷೆ ಎಷ್ಟು ಬಾಯಲ್ಲಿದೆ ಎನ್ನುವುದಕ್ಕಿಂತ ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದು ನನ್ನ ಲೆಕ್ಕ. ಮೂವತ್ತನಾಲ್ಕು ವರ್ಷ ಕೌಂಟರಿನ ಹಿಂದೆ ಕೂತವನು ನಾನು. ಸೇರಿದ ಹೊಸತರಲ್ಲಿ ಹಣ ಕಟ್ಟುವ ಚಲನ್‌ನಲ್ಲಿ ಕನ್ನಡ ಮೊದಲಿರುತ್ತಿತ್ತು. ನಿವೃತ್ತಿಯ ಹೊತ್ತಿಗೆ ಚಲನ್ ಹೋಗಿ ಮೊಬೈಲಿಗೆ ಇಂಗ್ಲಿಷ್ ಸಂದೇಶ ಬಂದಿತ್ತು. ವಿಧವಾ ವೇತನದ ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಮೊಬೈಲನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಿದ್ದರು: "ನೋಡಪ್ಪ, ದುಡ್ಡು ಬಂತೋ ಹೋಯಿತೋ?" ಅವರು ಮೂರನೇ ತರಗತಿಯವರೆಗೆ ಓದಿದ್ದರು, ಪತ್ರಿಕೆಯ ತಲೆಬರಹಗಳನ್ನು ಸಲೀಸಾಗಿ ಓದುತ್ತಿದ್ದರು. ಅಕ್ಷರ ಬಲ್ಲ ಹೆಂಗಸನ್ನು ನಾವು ಮತ್ತೆ ನಿರಕ್ಷರಿಯಾಗಿಸಿದ್ದೆವು. ಮೇಲಿನವರಿಗೆ ಬರೆದು ಕೇಳಿದ್ದಕ್ಕೆ, ಸಾಫ್ಟ್‌ವೇರ್‌ನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಕಾನೂನು ಕಡ್ಡಾಯ ಮಾಡಿದ ಮರುದಿನ ಅದೇ ಸಾಫ್ಟ್‌ವೇರ್‌ನಲ್ಲಿ ಅವಕಾಶ ಹುಟ್ಟುತ್ತದೆ ಎಂದು ಬ್ಯಾಂಕಿನ ಅನುಭವದಿಂದಲೇ ಹೇಳಬಲ್ಲೆ.

1982ರಲ್ಲಿ ಗೋಕಾಕ್ ವರದಿಗಾಗಿ ಜನ ಬೀದಿಗಿಳಿದಾಗ ಕೇಳಿದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ. ಈಗ ರಾಜ್ಯದ ಕನ್ನಡ ಕಾಯ್ದೆಯ 2024ರ ತಿದ್ದುಪಡಿಯಂತೆ ಅಂಗಡಿಯ ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ದಬ್ಬಾಳಿಕೆ ಎಂದು ಕೂಗಿದವರಿಗೆ ಒಂದೇ ಪ್ರಶ್ನೆ: ಉಳಿದ ನಲವತ್ತನ್ನು ಬಿಟ್ಟುಕೊಟ್ಟವರು ಯಾರು?

ವಿರೋಧ: ನೀರಗಂಟಿಯ ಕೋಲು ಬೀಳುವುದು ಎಲ್ಲಿ?

ನೀರಗಂಟಿಯ ಮಾತು ಚೆನ್ನಾಗಿದೆ. ನಮ್ಮೂರಿನಲ್ಲೂ ಒಬ್ಬನಿದ್ದ. ಮೊದಲು ಪಟೇಲರ ಗದ್ದೆಗೆ ನೀರು ಬಿಡುತ್ತಿದ್ದ, ಆಮೇಲೆ ಉಳಿದವರಿಗೆ. ಕಾಲುವೆಯ ಕೊನೆಯಲ್ಲಿ ನಮ್ಮ ತಂದೆಯ ಎರಡು ಮಡಿಗಳಿದ್ದವು. ರಾತ್ರಿ ಕದ್ದು ಮಡೆ ತಿರುಗಿಸಿದರೆ ಕೋಲು ಬೀಳುತ್ತಿದ್ದದ್ದು ನಮ್ಮ ತಂದೆಯ ಬೆನ್ನಿನ ಮೇಲೆ. ಭಾಷೆಯ ಕಾನೂನು ಎಂದ ಕೂಡಲೇ ನನಗೆ ನೆನಪಾಗುವುದು ಆ ಕೋಲು.

ಬ್ಯಾಂಕಿನ ಸಂದೇಶ ಕನ್ನಡದಲ್ಲಿ ಬರಲಿ, ಮಾತ್ರೆಯ ಪಟ್ಟಿಯ ಮೇಲೆ ಕನ್ನಡವಿರಲಿ. ಬೇಡ ಎಂದವರು ಯಾರು? ಆದರೆ ನಮ್ಮಲ್ಲಿ ಕಾನೂನಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಕೊಡಬೇಕೆಂಬ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದರಿದ ಮೇಲೆ ಎರಡು ದಿನದಲ್ಲೇ ಅದನ್ನು ತಡೆಹಿಡಿಯಿತು. ಗಟ್ಟಿ ಕುಳಗಳ ಮುಂದೆ ಕಾನೂನು ಅಷ್ಟು ಮೆದು. ಹಾಗಾದರೆ ಅದು ಗಟ್ಟಿಯಾಗುವುದು ಎಲ್ಲಿ? ಒಂದನೇ ತರಗತಿಯ ಮಗುವಿನ ಮುಂದೆ.

1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿಯವರೆಗೆ ತಾಯ್ನುಡಿಯಲ್ಲಿ ಅಥವಾ ಕನ್ನಡದಲ್ಲೇ ಪಾಠ. ಆದದ್ದೇನು? ಸಾವಿರಾರು ಖಾಸಗಿ ಶಾಲೆಗಳು ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಒಳಗೆ ಇಂಗ್ಲಿಷ್‌ನಲ್ಲಿ ಕಲಿಸಿದವು. ಕಾಗದದಲ್ಲಿ ಕನ್ನಡ, ಕರಿಹಲಗೆಯಲ್ಲಿ ಇಂಗ್ಲಿಷ್. ಇಲಾಖೆಗೂ ಗೊತ್ತು, ಪೋಷಕರಿಗೂ ಗೊತ್ತು. 2006ರಲ್ಲಿ ಸರ್ಕಾರ ಎಚ್ಚೆತ್ತು ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಹೊರಟಿತು. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾಧ್ಯಮವನ್ನು ಆರಿಸುವುದು ಪೋಷಕರ ಹಕ್ಕು, ರಾಜ್ಯ ಹೇರುವಂತಿಲ್ಲ ಎಂದಿತು. ಇಪ್ಪತ್ತು ವರ್ಷ ಈ ಆದೇಶ ನಿಜವಾಗಿ ಕಟ್ಟಿಹಾಕಿದ್ದು ನನ್ನಂಥವರ ಶಾಲೆಗೆ ಬರುತ್ತಿದ್ದ ಮಕ್ಕಳನ್ನು ಮಾತ್ರ. ಶುಲ್ಕ ಕಟ್ಟಬಲ್ಲವರು ಎಂದೋ ದಾಟಿ ಹೋಗಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೆಯುವ ಹಕ್ಕೇ ನನಗಿಲ್ಲ. ನನ್ನ ಮಗ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಬೆಳಿಗ್ಗೆ ಅವನನ್ನು ಹಳದಿ ಬಸ್ಸಿಗೆ ಹತ್ತಿಸಿ ನಾನು ಕನ್ನಡ ಶಾಲೆಯ ಬೀಗ ತೆಗೆಯಲು ಹೋಗುತ್ತಿದ್ದೆ. ಸಹೋದ್ಯೋಗಿಗಳ ಮಕ್ಕಳೂ ಅದೇ ಬಸ್ಸಿನಲ್ಲಿದ್ದರು. ನವೆಂಬರ್ ಒಂದರಂದು ನಮ್ಮ ಶಾಲೆಗೆ ಬಂದು ತಾಯ್ನುಡಿಯ ಮಹತ್ವವನ್ನು ಕುರಿತು ಭಾಷಣ ಮಾಡುವ ಅತಿಥಿಗಳ ಮನೆಯ ಕಥೆಯೂ ಬೇರೆಯಲ್ಲ.

ಕ್ವಿಬೆಕ್ ಕಥೆಯಲ್ಲಿ ಹಿರಿಯರು ಒಂದು ಅಧ್ಯಾಯ ಬಿಟ್ಟಿದ್ದಾರೆ. 101ನೇ ಕಾನೂನಿಗೆ ಹದಿನೈದು ವರ್ಷ ಮೊದಲು, 1962ರ ಚುನಾವಣೆಯನ್ನು ಅಲ್ಲಿನ ಸರ್ಕಾರ ಎದುರಿಸಿದ್ದು ವಿದ್ಯುತ್ ಕಂಪನಿಗಳನ್ನು ವಶಕ್ಕೆ ಪಡೆಯುತ್ತೇವೆ ಎಂಬ ಮಾತಿನ ಮೇಲೆ. ಪಡೆಯಿತು ಕೂಡ. ಆ ಕೆಲಸಕ್ಕೆ ಮುಂದೆ ನಿಂತ ಮಂತ್ರಿ ಇದೇ ರೆನೆ ಲೆವೆಕ್. ಹೈಡ್ರೊ-ಕ್ವಿಬೆಕ್ ಎಂಬ ಸಾರ್ವಜನಿಕ ಸಂಸ್ಥೆ ಬೆಳೆದು, ಉತ್ತರದ ಕಾಡಿನಲ್ಲಿ ದೈತ್ಯ ಅಣೆಕಟ್ಟೆಗಳು ಎದ್ದವು. ಅಲ್ಲಿ ನಕ್ಷೆ ಬಿಡಿಸಿದ ಎಂಜಿನಿಯರೂ ಕಾಂಕ್ರೀಟ್ ಸುರಿದ ಕೂಲಿಯೂ ಫ್ರೆಂಚ್‌ನಲ್ಲೇ ಮಾತನಾಡಿದರು. ಮೊದಲು ಭಾಷೆಗೆ ಸಂಬಳ ಬಂತು, ಕಾನೂನು ಆಮೇಲೆ ಬಂತು. ನಾವು ಸಂಬಳದ ಭಾಗವನ್ನು ಬಿಟ್ಟು ಫಲಕದ ಭಾಗವನ್ನು ಮಾತ್ರ ತಂದುಕೊಂಡಿದ್ದೇವೆ. ಆ ಫಲಕಗಳನ್ನಾದರೂ ಒಮ್ಮೆ ಓದಿ: 'ಫ್ಯಾಮಿಲಿ ರೆಸ್ಟೋರೆಂಟ್', 'ಯೂನಿಸೆಕ್ಸ್ ಸಲೂನ್', 'ಹೋಮ್ ಅಪ್ಲಯನ್ಸಸ್'. ಲಿಪಿಗೆ ಅರವತ್ತು ಸಿಕ್ಕಿತು. ಭಾಷೆಗೆ ಎಷ್ಟು ಸಿಕ್ಕಿತು ಎಂದು ಅಳೆಯಲು ನಗರಪಾಲಿಕೆಯವರ ಬಳಿ ಟೇಪು ಇಲ್ಲ.

ಕಾವಲು ಒಮ್ಮೆ ಕುಳಿತರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯುವುದಿಲ್ಲ. 2013ರಲ್ಲಿ ಮಾಂಟ್ರಿಯಲ್‌ನ ಒಂದು ಇಟಾಲಿಯನ್ ಹೋಟೆಲಿಗೆ, ನಿಮ್ಮ ತಿಂಡಿ ಪಟ್ಟಿಯಲ್ಲಿ 'ಪಾಸ್ತಾ' ಎಂಬ ಪರಭಾಷೆಯ ಪದವಿದೆ ಎಂದು ಭಾಷಾ ಕಚೇರಿಯಿಂದ ಪತ್ರ ಹೋಯಿತು. 2017ರಲ್ಲಿ ಆ ಪ್ರಾಂತ್ಯದ ಶಾಸನಸಭೆ ಒಮ್ಮತದಿಂದ ಒಂದು ನಿರ್ಣಯ ಮಾಡಿತು: ಅಂಗಡಿಯವರು ಗಿರಾಕಿಗಳನ್ನು 'ಬೊಂಜೂರ್-ಹಾಯ್' ಎನ್ನುವ ಬದಲು ಫ್ರೆಂಚ್‌ನ ನಮಸ್ಕಾರವಾದ 'ಬೊಂಜೂರ್' ಎಂದು ಸ್ವಾಗತಿಸಲಿ ಎಂಬ ಕೋರಿಕೆ ಅದು. ನಮ್ಮ ವಿಧಾನಸಭೆ ಇಡ್ಲಿ ಅಂಗಡಿಯವನ 'ಬನ್ನಿ ಸಾರ್' ಎಂಬುದರಲ್ಲಿ 'ಸಾರ್' ತೆಗೆಯುವಂತೆ ಠರಾವು ಮಾಡುವುದನ್ನು ಊಹಿಸಿಕೊಳ್ಳಿ.

ಇನ್ನು ಐರ್ಲೆಂಡ್. ಅಲ್ಲಿ ಕಾನೂನಿಗೆ ಏನೂ ಕಡಿಮೆಯಾಗಲಿಲ್ಲ. 1937ರ ಸಂವಿಧಾನವೇ ಐರಿಷ್ ಭಾಷೆಯನ್ನು ರಾಷ್ಟ್ರಭಾಷೆ, ಮೊದಲ ಅಧಿಕೃತ ಭಾಷೆ ಎಂದಿತು. ಶಾಲೆಯಲ್ಲಿ ಕಡ್ಡಾಯ, 1974ರವರೆಗೆ ಸರ್ಕಾರಿ ನೌಕರಿಗೂ ಕಡ್ಡಾಯ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಆಡುತ್ತೇವೆ ಎಂದವರು ಸುಮಾರು 72 ಸಾವಿರ. ಒಂದು ಶತಮಾನದ ಕಡ್ಡಾಯದಿಂದ ಪರೀಕ್ಷೆಯ ಭಾಷೆಯೊಂದು ತಯಾರಾಯಿತು, ಮನೆಯ ಭಾಷೆ ಮರಳಲಿಲ್ಲ.

ಇಂಗ್ಲಿಷ್ ಎಂದರೆ ಕೆಲವರಿಗೆ ಗುಲಾಮಗಿರಿಯ ನೆನಪು, ಇನ್ನು ಕೆಲವರಿಗೆ ಬಿಡುಗಡೆಯ ದಾರಿ. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಅಡಿಪಾಯ ಹಾಕಿದರು. ದೇವಿಯ ತಲೆಯ ಮೇಲೆ ಟೋಪಿ, ಕೈಯಲ್ಲಿ ಲೇಖನಿ, ನಿಂತಿರುವುದು ಕಂಪ್ಯೂಟರಿನ ಮೇಲೆ. ನಗಬಹುದು. ಆದರೆ ಯಾವ ಭಾಷೆಯ ಬಾಗಿಲಲ್ಲಿ ತಲೆಮಾರುಗಟ್ಟಲೆ ನಿಂತು ಕಾದೆವು ಎಂಬುದು ಆ ಗುಡಿಗೆ ಅಡಿಪಾಯ ಹಾಕಿದವರಿಗೆ ನೆನಪಿದೆ. ನಮ್ಮಲ್ಲೂ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗ ಸಾಹಿತಿಗಳು ಪ್ರತಿಭಟಿಸಿದರು, ಪೋಷಕರು ಅರ್ಜಿ ಹಿಡಿದು ಸಾಲು ನಿಂತರು. ಆ ಸಾಲಿನಲ್ಲಿ ಗಾರೆ ಕೆಲಸದವರಿದ್ದರು, ಮನೆಗೆಲಸದವರಿದ್ದರು. ಅವರನ್ನು ಕನ್ನಡದ್ರೋಹಿಗಳು ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಕಳೆದ ಜೂನ್‌ನಲ್ಲಿ ಒಬ್ಬ ಆಟೋ ಚಾಲಕ ಟಿ.ಸಿ. ಕೇಳಲು ಬಂದ. ಮಗಳು ನಾಲ್ಕನೇ ತರಗತಿ, ಚುರುಕಾದ ಹುಡುಗಿ, ದಪ್ಪ ಅಕ್ಷರದಲ್ಲಿ ಚೆಂದದ ಪ್ರಬಂಧ ಬರೆಯುತ್ತಿದ್ದಳು. "ಇರಲಿ ಬಿಡಪ್ಪ, ಏಳರವರೆಗೆ ಇಲ್ಲೇ ಓದಲಿ" ಎಂದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿ, "ಮೇಡಂ, ನಿಮ್ಮ ಮಗ ಎಲ್ಲಿ ಓದಿದ್ದು?" ಎಂದು ಕೇಳಿದ. ಕೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ. ನಾನು ಶಾಲೆಯ ಹೆಸರು ಹೇಳಿದೆ. ಅಲ್ಲಿಗೆ ಸೇರಿಸಲು ಎಷ್ಟಾಗುತ್ತದೆ ಎಂದ. ಅದನ್ನೂ ಹೇಳಿದೆ. ಆಮೇಲೆ ಟಿ.ಸಿ. ಪುಸ್ತಕ ತೆಗೆದು ಅಂಕಣಗಳನ್ನು ಒಂದೊಂದಾಗಿ ತುಂಬಿದೆ. ಹುಡುಗಿಯ ಹೆಸರು, ದಾಖಲಾತಿ ಸಂಖ್ಯೆ, ವ್ಯಾಸಂಗದ ಮಾಧ್ಯಮ, ನಡತೆ. 'ಶಾಲೆ ಬಿಡಲು ಕಾರಣ' ಎಂಬ ಅಂಕಣದ ಮುಂದೆ ನಾವು ಎಲ್ಲರಿಗೂ ಬರೆಯುವುದನ್ನೇ ಬರೆದೆ: ಪೋಷಕರ ಕೋರಿಕೆಯ ಮೇರೆಗೆ.