ದೀಕ್ಷಾಸ್ನಾನಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ

ದೀಕ್ಷಾಸ್ನಾನದ, ಅಂದರೆ ಕ್ರೈಸ್ತ ಸಭೆಗೆ ಸೇರುವಾಗ ನೀರಿನಿಂದ ಮಾಡುವ ಸಂಸ್ಕಾರದ ಮಾತು ಬಂದರೆ ನಮ್ಮ ವಿಶ್ವಾಸಿಗಳಲ್ಲಿ ಚರ್ಚೆ ಮುಗಿಯುವುದೇ ಇಲ್ಲ. ಪೂರ್ತಿ ಮುಳುಗಿಸಬೇಕಾ, ತಲೆಗೆ ನೀರು ಹಾಕಿದರೆ ಸಾಕಾ, ಮಗುವಿಗೆ ಕೊಡಬಹುದಾ? ಇವು ಬೇಡದ ಪ್ರಶ್ನೆಗಳಲ್ಲ. ಆದರೆ ಯೊರ್ದನ್ ಹೊಳೆಯ ಹತ್ತಿರ ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕನಾದ ಯೋಹಾನನನ್ನು ಜನ ಕೇಳಿದ್ದು ಬೇರೆ: ಹಾಗಾದರೆ ನಾವೇನು ಮಾಡಬೇಕು?

ಬೈಬಲಿನಲ್ಲಿ ಲೂಕನ ಸುವಾರ್ತೆಯ 3ನೇ ಅಧ್ಯಾಯ ತೆಗೆದು ನೋಡಿ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೇ ಮಾಡಲಿ ಅಂತಾನೆ ಯೋಹಾನ. ಸುಂಕದವರಿಗೆ ಕೆಲಸ ಬಿಡಿ ಅನ್ನಲಿಲ್ಲ, ನೇಮಕವಾದದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳಿಗೆ, ಹೆದರಿಸಿ, ಸುಳ್ಳು ದೂರು ಹೊರಿಸಿ ಹಣ ಕೀಳಬೇಡಿ, ಬರುವ ಸಂಬಳದಲ್ಲೇ ಇರಿ ಅಂದ. ಮೂರು ಉತ್ತರವೂ ಬಟ್ಟೆ, ಊಟ, ದುಡ್ಡಿನದ್ದೇ. ಎಷ್ಟು ಅತ್ತಿರಿ ಅಂತ ಯಾರನ್ನೂ ಕೇಳಲಿಲ್ಲ. ಅಬ್ರಹಾಮನೇ ನಮ್ಮ ಮೂಲಪುರುಷ ಅಂದುಕೊಂಡವರಿಗೆ, ದೇವರು ಈ ಕಲ್ಲುಗಳಿಂದಲೂ ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲ ಅಂದುಬಿಟ್ಟ. ಮೂರು ತಲೆಮಾರಿನಿಂದ ಕ್ರೈಸ್ತರು ಅಂತ ಹೇಳಿಕೊಳ್ಳುವ ಮನೆಗಳೂ ಆ ಮಾತನ್ನು ಕೇಳಿಸಿಕೊಳ್ಳಬೇಕು.

ರಕ್ಷಣೆ ಕೃಪೆಯಿಂದ ಅಲ್ವಾ, ಕ್ರಿಯೆಯಿಂದ ಅಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಹೌದು, ನಾನೂ ಅದನ್ನೇ ನಂಬಿದ್ದೇನೆ. ಯೇಸುವನ್ನು ನೋಡಲು ಮರ ಹತ್ತಿದ್ದ ಸುಂಕದವರ ಮುಖ್ಯಸ್ಥ ಜಕ್ಕಾಯ ಇನ್ನೂ ಮರದ ಮೇಲಿದ್ದಾಗಲೇ ಯೇಸು ನಿನ್ನ ಮನೆಗೆ ಬರುತ್ತೇನೆ ಅಂದ, ಷರತ್ತು ಹಾಕಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅನ್ನುವ ಮಾತು ಜಕ್ಕಾಯನ ಬಾಯಲ್ಲಿ ಬಂದಿದ್ದು ಆಮೇಲೆ. ಕೃಪೆ ಮುಟ್ಟಿದ ಮನುಷ್ಯ ಸುಮ್ನೆ ಕೂರಲಾರ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಫಿಲಿಪ್ಪಿಯ ಸೆರೆಮನೆಯ ಯಜಮಾನ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಸೀಲರು ಛಡಿ ಏಟು ತಿಂದು ಬಂದಿದ್ದರು, ಅವರ ಕಾಲಿಗೆ ಕೋಳ ಹಾಕಿದವನು ಇವನೇ. ನಡುರಾತ್ರಿ ಭೂಕಂಪವಾಗಿ, ಸುವಾರ್ತೆ ಕೇಳಿ ನಂಬಿದವನು, ಅದೇ ಗಳಿಗೆಯಲ್ಲಿ ಅವರ ಗಾಯಗಳನ್ನು ತೊಳೆದ. ಅದಾದ ಮೇಲೆ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ, ಆಮೇಲೆ ಅವರಿಗೆ ತನ್ನ ಮನೆಯಲ್ಲೇ ಊಟ. ತಾನು ನೀರಿಗಿಳಿಯುವ ಮೊದಲು ತನ್ನ ಕೈದಿಗಳ ಬೆನ್ನಿಗೆ ನೀರು ಹಾಕಿದ್ದಾನೆ, ನೋಡಿ.

ಪಾಸ್ಟರ್‌ಗಳಲ್ಲಿ, ಸಭೆಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ದೀಕ್ಷಾಸ್ನಾನದ ತರಗತಿಯಲ್ಲಿ ವಚನ ಬಾಯಿಪಾಠ ಮಾಡಿಸಿ, ಸಾಕ್ಷಿ ಹೇಳಿಸಿ. ಜೊತೆಗೆ, ಮನೆಕೆಲಸದವರಿಗೆ ಸರಿಯಾದ ಸಂಬಳ ಕೊಡ್ತಿದ್ದೀರಾ, ಅಣ್ಣತಮ್ಮಂದಿರ ಪಾಲು ಇಟ್ಟುಕೊಂಡಿದ್ದೀರಾ, ಆಫೀಸಿನಲ್ಲಿ ಲಂಚ ಮುಟ್ಟುತ್ತೀರಾ ಅಂತಲೂ ಕೇಳಿ.