ಸಾರ್, ನಿಮ್ ಆಯಿಲ್ ಸತ್ತೋಗೈತೆ

ಬ್ರೇಕ್ ಬಿಗಿ ಮಾಡಿಸೋಣ ಅಂತ ಹೋದವನಿಗೆ ಯಾರಾದರೂ ಸಾವಿನ ಸುದ್ದಿ ಹೇಳುತ್ತಾರಾ? ನಮ್ಮ ಮೆಕ್ಯಾನಿಕ್ ಹೇಳುತ್ತಾನೆ. ಮೊನ್ನೆ ಶನಿವಾರ ತುಮಕೂರಿನ ಬಟವಾಡಿ ಹತ್ತಿರ ಅವನ ಅಂಗಡಿ ಮುಂದೆ ಸ್ಪ್ಲೆಂಡರ್ ನಿಲ್ಲಿಸಿ, "ಹಿಂದಿನ ಬ್ರೇಕ್ ಹಿಡೀತಿಲ್ಲ, ನೋಡಪ್ಪ" ಅಂದೆ. ಅವನು ಬ್ರೇಕಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಇಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕನ್ನು ತಿರುಗಿಸಿ ಎಳೆದ.

"ಸಾರ್, ನಿಮ್ ಆಯಿಲ್ ಸತ್ತೋಗೈತೆ."

ಹೋದ ಸಲ ಆಯಿಲ್ ಹಾಕಿದವನೂ ಇವನೇ. ಕಂಪನಿ ಪುಸ್ತಕದ ಲೆಕ್ಕಕ್ಕೆ ಇನ್ನೂ ಅರ್ಧ ದಾರಿಯೂ ಆಗಿಲ್ಲ.

ಇವನು ಆಯಿಲ್ ಪರೀಕ್ಷೆ ಮಾಡೋದನ್ನು ನೀವು ಒಮ್ಮೆ ನೋಡಬೇಕು. ಡಿಪ್‌ಸ್ಟಿಕ್ ತುದಿಯಿಂದ ಒಂದು ಹನಿಯನ್ನು ಎಡಗೈ ಹೆಬ್ಬೆರಳಿಗೆ ಇಳಿಸಿಕೊಳ್ಳುತ್ತಾನೆ. ತೋರುಬೆರಳು ಸೇರಿಸಿ ನಿಧಾನಕ್ಕೆ ಉಜ್ಜುತ್ತಾನೆ. ಆಮೇಲೆ ಬೆರಳು ಬಿಡಿಸಿ, ಮದುವೆ ಮನೆಯ ಅಡುಗೆ ಭಟ್ಟರು ಒಂದೆಳೆ ಪಾಕ ಬಂತಾ ಅಂತ ನೋಡುವ ಹಾಗೆ, ನಡುವೆ ಎಳೆ ಏಳುತ್ತಾ ಅಂತ ನೋಡುತ್ತಾನೆ. ಮೂಗಿನ ಹತ್ತಿರ ಹಿಡಿಯುತ್ತಾನೆ. ಕಣ್ಣು ಮುಚ್ಚುತ್ತಾನೆ. ಆ ಹೊತ್ತಿಗೆ ಪಂಚರ್ ಹಾಕಿಸಲು ಬಂದವರು, ಪಕ್ಕದಂಗಡಿಯಲ್ಲಿ ಟೀ ಹಿಡಿದು ನಿಂತವರು ಎಲ್ಲರೂ ಮಾತು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿರುತ್ತಾರೆ. ಕೊನೆಗೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಬಾಯಿಬಿಡದೆ ತಲೆ ಅಲ್ಲಾಡಿಸುತ್ತಾನೆ. ಮೊನ್ನೆ ಟೀ ಹಿಡಿದಿದ್ದವರೊಬ್ಬರು ನನ್ನ ಕಡೆ ತಿರುಗಿ, "ಎಷ್ಟ್ ದಿನ ಆಗಿತ್ತು?" ಅಂತ ಕೇಳಿದರು. ದನಿಯಲ್ಲಿ ನಿಜವಾದ ಮರುಕ ಇತ್ತು.

ಈ ಬೆರಳುಗಳ ನಡುವೆ ಬದುಕಿ ಉಳಿದ ಆಯಿಲ್ ಅನ್ನು ನಾನಂತೂ ಕಂಡಿಲ್ಲ. ಕಪ್ಪಗಿದ್ದರೆ ಸತ್ತಿದೆ. ತೆಳ್ಳಗಿದ್ದರೆ ಸತ್ತಿದೆ. ಕಪ್ಪಗೂ ಇಲ್ಲ, ತೆಳ್ಳಗೂ ಇಲ್ಲ ಅಂದರೆ "ಒಳಗಿಂದ ಸತ್ತೈತೆ". ಆಯಿಲ್ ಕಪ್ಪಾಗೋದು ಅದು ಕೆಲಸ ಮಾಡುತ್ತಿದೆ ಅನ್ನೋದಕ್ಕೆ ಗುರುತು, ಇಂಜಿನ್ನಿನ ಮಸಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಳ್ಳೋದಕ್ಕೆ ಅಂತಲೇ ಅದರಲ್ಲಿ ಮದ್ದು ಹಾಕಿರುತ್ತಾರೆ, ಹಾಲು ಬೆರೆಸಿದಂಥ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಅಂತ ಹೆದರಬೇಕು ಅಷ್ಟೆ ಅಂತ ನಾನು ಒಮ್ಮೆ ವಿವರಿಸಿದ್ದೆ. "ಅದೆಲ್ಲ ಬುಕ್ಕಲ್ಲಿ ಸಾರ್" ಅಂದ.

ಮೊನ್ನೆ ಇನ್ನೊಂದು ನಡೆಯಿತು. ನನ್ನ ಗಾಡಿ ಪಕ್ಕ ಯಾರದೋ ಶೈನ್ ನಿಂತಿತ್ತು. ಅಂಗಡಿ ಹುಡುಗ ಅದಕ್ಕೆ ಹೊಸ ಆಯಿಲ್ ಹಾಕಿ, ಸ್ಟಾರ್ಟ್ ಮಾಡಿ, ಆಫ್ ಮಾಡಿ, ಕೈ ತೊಳೆಯಲು ಹೋದ. ನಮ್ಮ ಧಣಿ ಟೀ ಮುಗಿಸಿ ಬಂದವನೇ ಅಭ್ಯಾಸಬಲದಿಂದ ಅದರ ಡಿಪ್‌ಸ್ಟಿಕ್ ಎಳೆದ. ಹೆಬ್ಬೆರಳು, ತೋರುಬೆರಳು, ಎಳೆ, ಮೂಗು, ಕಣ್ಣು. "ಇದೂ ಸತ್ತೋಗೈತೆ ಕಣ್ಲಾ."

"ಅಣ್ಣ, ಈಗ್ ತಾನೇ ಹಾಕಿದ್ದು."

ನಾನಾಗಿದ್ದರೆ ನೆಲಕ್ಕೆ ಇಳಿದು ಹೋಗುತ್ತಿದ್ದೆ. ಅವನು ರೆಪ್ಪೆಯನ್ನೂ ಅಲ್ಲಾಡಿಸಲಿಲ್ಲ. "ಅದುಕ್ಕೇ ಹೇಳಿದ್ದು. ಈಗಿನ್ ಆಯಿಲೆಲ್ಲ ಹುಟ್ತಾನೇ ಹಿಂಗೇ" ಅಂತ ಡಿಪ್‌ಸ್ಟಿಕ್ ವಾಪಸ್ ಸಿಕ್ಕಿಸಿದ. ಟೀ ಗುಂಪು ಹೌದೌದು ಅಂತ ತಲೆಯಾಡಿಸಿತು. ಈಗಿನ ಟೊಮೇಟೊ, ಈಗಿನ ಸಿಮೆಂಟು, ಈಗಿನ ಹುಡುಗರು ಅಂತ ಮಾತು ಮುಂದಕ್ಕೆ ಹೋಯಿತು.

ಹೇಳಬಾರದು, ಆದರೂ ಹೇಳುತ್ತೇನೆ. ಅಳತೆ ನೋಡುವಾಗ ಸ್ಪ್ಲೆಂಡರ್ ಸೆಂಟರ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿರಬೇಕು. ಇಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಒರೆಸಿ, ತಿರುಗಿಸದೆ ಸುಮ್ನೆ ಇಳಿಬಿಟ್ಟು ತೆಗೆಯಬೇಕು. ಇವನು ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ಒರಗಿಸಿ, ಕಡ್ಡಿಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿ ಆಮೇಲೆ ಎಳೆಯುತ್ತಾನೆ. ಅಲ್ಲಿ ಸಿಗೋ ಅಳತೆಗೂ ಒಳಗಿರೋ ಆಯಿಲ್‌ಗೂ ಸಂಬಂಧವೇ ಇರೋಲ್ಲ.

ಸರಿ, ಹಾಕೋದು ಅಂತಾಯಿತು. ಯಾವುದು? ಇಲ್ಲಿಂದ ಊರಿಗೆ ಊರೇ ನನ್ನ ಹಿತೈಷಿ. ಬುಲೆಟ್ ಇಟ್ಟಿರುವ ಗೆಳೆಯ "ಗಟ್ಟಿ ಆಯಿಲ್ ಹಾಕು, ಫಿಫ್ಟಿ ಇರ್ಬೇಕು" ಅನ್ನುತ್ತಾನೆ. ಆಫೀಸಿನ ಹುಡುಗನೊಬ್ಬ ರೇಸಿಂಗ್‌ಗೆ ಬಳಸೋ ಫುಲ್ಲಿ ಸಿಂಥೆಟಿಕ್ಕೇ ಆಗಬೇಕು ಅನ್ನುತ್ತಾನೆ. ನನ್ನ ಗಾಡಿಯ ಅತಿ ದೊಡ್ಡ ರೇಸ್ ಅಂದರೆ ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗೋದು. ಪುಸ್ತಕದಲ್ಲಿ ಸ್ಪಷ್ಟವಾಗಿ 10 ಡಬ್ಲ್ಯೂ 30 ಅಂತ ಬರೆದಿದೆ. ಆ ಡಬ್ಲ್ಯೂ ಇರೋದು ಚಳಿಯ ಲೆಕ್ಕಕ್ಕೆ. 10 ಡಬ್ಲ್ಯೂ ಅಂದರೆ ಮೈನಸ್ 25 ಡಿಗ್ರಿಯಲ್ಲೂ ಇಂಜಿನ್ ತಿರುಗಬೇಕು, 20 ಡಬ್ಲ್ಯೂ ಆದರೆ ಮೈನಸ್ 15. ನಮ್ಮ ತುಮಕೂರಲ್ಲಿ ದೇವರಾಯನದುರ್ಗದ ಕಡೆ ಒಂಚೂರು ಮಂಜು ಕವಿದರೆ ಸಾಕು, ಮಂಕಿ ಕ್ಯಾಪ್ ಹಾಕಿಕೊಂಡು "ಏನ್ ಚಳಿ ಕಣ್ರೀ" ಅನ್ನುವ ಜನ ನಾವು. ನಮಗೆ ಮುಖ್ಯವಾದದ್ದು ಹಿಂದಿನ ನಂಬರು. ಕಾದ ಇಂಜಿನ್ನಿನ ನೂರು ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತೆ ಅಂತ ಹೇಳೋದು ಅದೇ. 30 ಸಾಕು ಅಂತ ಇಂಜಿನ್ ಮಾಡಿದವರೇ ಹೇಳಿದಮೇಲೆ ಬುಲೆಟ್‌ನವನ 50 ನನಗೇಕೆ?

ಇವರೆಲ್ಲರಿಗಿಂತ ಅಪಾಯದವರು ನಮ್ಮ ಷಡ್ಡಕರು. ಕಾರಿಗೆ ಹಾಕಿ ಉಳಿದ ಅರ್ಧ ಕ್ಯಾನ್ ತಂದು, "ದುಬಾರಿ ಆಯಿಲ್ಲು, ನಿಮ್ಮ ಬೈಕಿಗೆ ಹಾಕ್ಕೊಳ್ಳಿ" ಅಂದರು. ಬೈಕಿನಲ್ಲಿ ಇಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಒಂದೇ ಆಯಿಲ್. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಮದ್ದು ಇರುತ್ತೆ, ಅದು ಬಿದ್ದರೆ ಕ್ಲಚ್ ಪ್ಲೇಟ್ ಹಿಡಿಯದೆ ಜಾರುತ್ತೆ. ಅದಕ್ಕೇ ಜಪಾನಿನವರು 1998ರಲ್ಲಿ ಬೈಕ್ ಆಯಿಲ್‌ಗೆ ಅಂತಲೇ ಜಾಸೋ ಎಂಎ ಅನ್ನೋ ಗುರುತು ಮಾಡಿದ್ದು. ಗೇರಿಲ್ಲದ ಸ್ಕೂಟರಿಗೆ ಎಂಬಿ. ಇಷ್ಟನ್ನೂ ಷಡ್ಡಕರಿಗೆ ಹೇಳಿದೆ. ಅವರು ನನ್ನ ಹೆಂಡತಿ ಕಡೆ ತಿರುಗಿ, "ನಿಮ್ಮನೇಲಿ ಕೊಟ್ಟರೂ ತಗೊಳ್ಳಲ್ಲ" ಅಂದರು. ಆ ಕ್ಯಾನ್ ನಮ್ಮನೆಯಲ್ಲೇ ಇದೆ.

ನನ್ನ ನಿಜವಾದ ಸಂಕಟ ಇರೋದು ಅಂಗಡಿಯಲ್ಲಿ. ಸ್ಪ್ಲೆಂಡರಿಗೆ ಆಯಿಲ್ ಬದಲಿಸುವಾಗ ಹಿಡಿಸೋದು 900 ಎಂಎಲ್. 900ರ ಡಬ್ಬವೂ ತಯಾರಾಗುತ್ತೆ. ಆದರೆ ನಾನು ಕೇಳಿದ ದಿನ ಇರೋಲ್ಲ. "ಸ್ಟಾಕಿಲ್ಲ ಸಾರ್, ಲೀಟರ್ ತಗೊಳ್ಳಿ, ನೂರ್ ಎಂಎಲ್ ಏನ್ ಮಹಾ!" ಲೀಟರ್ ತಂದು ಕೊಟ್ಟರೆ ಮೆಕ್ಯಾನಿಕ್ ಅಷ್ಟನ್ನೂ ಸುರಿಯಲು ಬರುತ್ತಾನೆ. "ಇರ್ಲಿ ಬಿಡಿ ಸಾರ್, ಗಾಡಿ ಕುಡ್ಕತೈತೆ." ಜಾಸ್ತಿ ಆದರೆ ಒಳಗೆ ನೊರೆಯೇಳುತ್ತೆ, ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಏರುತ್ತೆ ಅಂತ ನಾನು ಡಬ್ಬ ಕಿತ್ತುಕೊಳ್ಳುತ್ತೇನೆ. ಜನ ನೋಡುತ್ತಾರೆ. ತಳದಲ್ಲಿ ನೂರು ಎಂಎಲ್ ಉಳಿದ ಡಬ್ಬ ಹಿಡಿದು ಮನೆಗೆ ಬರುತ್ತೇನೆ. ಹೀಗೆ ಸೇರಿದವು ಮೆಟ್ಟಿಲ ಕೆಳಗೆ ಸಾಲಾಗಿ ನಿಂತಿವೆ, ಒಂದೊಂದು ಬಣ್ಣ, ಒಂದೊಂದು ಕಂಪನಿ. ಗೇಟಿನ ಕೀಲಿಗೆ ಹಾಕಿದೆ, ಬಾವಿ ರಾಟೆಗೆ ಹಾಕಿದೆ. ಒಂದು ಮನೆಯಲ್ಲಿ ಎಷ್ಟು ಕೀಲು ಇರೋಕೆ ಸಾಧ್ಯ? 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಹಳೇ ಆಯಿಲ್‌ಗೂ ಒಂದು ಜಾಗ ಇದೆ. ನನ್ನ ಹೊಸ ಆಯಿಲ್‌ಗೆ ಎಲ್ಲೂ ಇಲ್ಲ.

ಅಪ್ಪನ ಟಿವಿಎಸ್ 50ಗೆ ಈ ರಗಳೆಯೇ ಇರಲಿಲ್ಲ. ಪೆಟ್ರೋಲ್ ಹಾಕಿದ ಮೇಲೆ ಬಂಕಿನವರು ಟೂ ಸ್ಟ್ರೋಕ್ ಇಂಜಿನ್ನಿನ 2ಟಿ ಆಯಿಲನ್ನೂ ಟ್ಯಾಂಕಿಗೇ ಬಿಡುತ್ತಿದ್ದರು. ಅಪ್ಪ ಹ್ಯಾಂಡಲ್ ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಗಡಗಡ ಅಲ್ಲಾಡಿಸುತ್ತಿದ್ದರು, ಎರಡೂ ಬೆರೆಯಲಿ ಅಂತ. ಹಿಂದೆ ಕೂತ ನನ್ನನ್ನು ಇಳಿಯಲೂ ಬಿಡುತ್ತಿರಲಿಲ್ಲ. "ನೀನಿದ್ರೆ ಚೆನ್ನಾಗಿ ಬೆರೆಯುತ್ತೆ, ಕೂತ್ಕೋ" ಅನ್ನುತ್ತಿದ್ದರು. ಹಾಕಿದ ಆಯಿಲ್ ಪೆಟ್ರೋಲ್ ಜೊತೆಗೇ ಉರಿದು ನೀಲಿ ಹೊಗೆಯಾಗಿ ಗುಬ್ಬಿ ಗೇಟ್ ದಾಟುವಷ್ಟರಲ್ಲಿ ಗಾಳಿ ಸೇರುತ್ತಿತ್ತು. ಆ ಹೊಗೆ ಒಳ್ಳೆಯದಲ್ಲ, ಗೊತ್ತು. ಆದರೂ ಈಗ ಎಲ್ಲಾದರೂ ಹಳೇ ಗಾಡಿಯೊಂದು ಆ ವಾಸನೆ ಬಿಟ್ಟುಕೊಂಡು ಹೋಗುತ್ತಿದ್ದರೆ, ಓವರ್‌ಟೇಕ್ ಮಾಡದೆ ಸ್ವಲ್ಪ ದೂರ ಅದರ ಹಿಂದೆಯೇ ಹೋಗುತ್ತೇನೆ.

ನಿನ್ನೆ ಪಕ್ಕದ ಸೈಟಿನಲ್ಲಿ ಮೋಲ್ಡ್ ಹಾಕುವ ತಯಾರಿ ನಡೆದಿತ್ತು. ಸೆಂಟ್ರಿಂಗ್ ಮೇಸ್ತ್ರಿ ಬಾಗಿಲಿಗೆ ಬಂದು, ಶೀಟಿಗೆ ಕಾಂಕ್ರೀಟ್ ಅಂಟಬಾರದು, ಬಳಿಯೋಕೆ ಗಾಡಿ ಆಯಿಲ್ ಇದ್ದರೆ ಕೊಡಿ ಅಂದ. ನನಗೆ ದೇವರೇ ಬಂದಷ್ಟು ಸಂತೋಷ. ಮೆಟ್ಟಿಲ ಕೆಳಗಿನ ಅಷ್ಟೂ ಡಬ್ಬಗಳನ್ನು, ಷಡ್ಡಕರ ಕ್ಯಾನನ್ನೂ ಸೇರಿಸಿ, ಅವನ ಮುಂದೆ ಇಟ್ಟೆ. ಒಂದರ ಮುಚ್ಚಳ ತೆಗೆದು ನೋಡಿದ.

"ಇದು ಹೊಸದಲ್ವಾ ಸಾರ್? ನಂಗೆ ಹಳೇದ್ ಬೇಕಿತ್ತು."

"ಹೊಸದು ಇನ್ನೂ ಒಳ್ಳೇದಲ್ವೇನಪ್ಪ?"

"ಇಲ್ಲ ಸಾರ್, ನಮ್ಗೆ ಹಳೇದ್ರಲ್ಲೇ ಅಭ್ಯಾಸ" ಅಂತ ಮುಚ್ಚಳ ಹಾಕಿದ. "ಒಂದ್ ಕೆಲ್ಸ ಮಾಡಿ. ಗಾಡಿಗ್ ಹಾಕಿ ಸ್ವಲ್ಪ ಓಡ್ಸಿಬಿಡಿ. ಆಮ್ಯಾಕ್ ಬಂದು ತಗೊಂಡೋಗ್ತೀನಿ."